ಎಡಚಿ ಮಾಡಿದ ನೀರುನಾಯಿ

ಸೋಮವಾರ ಬೆಳಿಗ್ಗೆ 10.40ಕ್ಕೆ ನಿವೃತ್ತ ದಂತವೈದ್ಯರೊಬ್ಬರು ಠಾಣೆಗೆ ಬಂದು ದೂರು ಕೊಟ್ಟರು. ತಾವು ಸಂಗ್ರಹಿಸಿದ ಗಾಜಿನ ಪ್ರಾಣಿಗಳನ್ನು ಅವರು ಗ್ರಂಥಾಲಯದ ಸಭಾಂಗಣದಲ್ಲಿ ಎರಡು ದಿನ ಪ್ರದರ್ಶನಕ್ಕಿಟ್ಟಿದ್ದರು. ಭಾನುವಾರ ಸಂಜೆ ಎತ್ತಿಡುವಾಗ ಒಂದು ಕಾಣಲಿಲ್ಲ: ಹೆಬ್ಬೆರಳುದ್ದದ ಹಸಿರು ನೀರುನಾಯಿ. ಎಫ್‌ಐಆರ್ ದಾಖಲಾಯಿತು.

11.30ಕ್ಕೆ ಇನ್‌ಸ್ಪೆಕ್ಟರ್ ಮಹಿಳಾ ಪೇದೆಯೊಂದಿಗೆ ಸಭಾಂಗಣಕ್ಕೆ ಹೋಗಿ ಪಂಚನಾಮೆ ಮಾಡಿದರು. ಪಕ್ಕದಲ್ಲೇ ಇದ್ದ, ಹೆಸರಾಂತ ಕಲಾವಿದನ ಸಹಿಯುಳ್ಳ ಕುದುರೆಯನ್ನು ಕಳ್ಳರು ಮುಟ್ಟಿರಲಿಲ್ಲ. ನೀರುನಾಯಿಯ ಚೀಟಿಯಲ್ಲಿ ‘ತಯಾರಿಸಿದವರು: ತಿಳಿದಿಲ್ಲ’ ಎಂದಿತ್ತು. ‘ತಿಳಿದಿಲ್ಲ’ ಎಂಬುದರ ಮೇಲೆ ಯಾರೋ ನೀಲಿ ಸೀಮೆಸುಣ್ಣದಿಂದ ಒತ್ತಿ ಗೀಚಿದ್ದರು.

“ಕಳ್ಳರಿಗೆ ಸಿಟ್ಟು ಬಂದಿದೆ ಸಾರ್,” ಎಂದಳು ಪೇದೆ.

“ಮಾಡಿದ್ದು ಯಾರು ಅಂತ ಅವರಿಗೆ ಗೊತ್ತು. ನಾವೂ ಮೊದಲು ಅದನ್ನೇ ತಿಳ್ಕೊಳ್ಳೋಣ.” ಇನ್‌ಸ್ಪೆಕ್ಟರ್ ವೈದ್ಯರತ್ತ ತಿರುಗಿದರು. “ಸಹಿ ಇಲ್ದಿದ್ರೆ ಹೇಗೆ ಪತ್ತೆ ಮಾಡ್ತೀರಿ?”

“ಹೊಟ್ಟೆ ಕೆಳಗೆ ನೋಡ್ಬೇಕು. ಬಿಸಿ ಗಾಜನ್ನ ಸಲಾಕೆಯಿಂದ ಬಿಡಿಸಿದ ಕಡೆ ಗಾಯದಂಥ ಗುರುತು ಇರತ್ತೆ. ಅದನ್ನ ಒಂದೊಂದು ಕಾರ್ಖಾನೇಲಿ ಒಂದೊಂದು ಥರ ಉಜ್ತಾರೆ. ಇದು ಊರಾಚೆ ಮುಚ್ಚಿಹೋಯ್ತಲ್ಲ, ಆ ಕಾರ್ಖಾನೇದು. ಕೈ ಯಾರದ್ದೋ ಗೊತ್ತಾಗ್ಲಿಲ್ಲ.”

ಮಂಗಳವಾರ ಮಧ್ಯಾಹ್ನ 3.15ಕ್ಕೆ ಇನ್‌ಸ್ಪೆಕ್ಟರ್ ಮತ್ತು ಪೇದೆ, ವೈದ್ಯರು ಕೊಟ್ಟ ನೀರುನಾಯಿಯ ಫೋಟೋ ಹಿಡಿದು ಆ ಕಾರ್ಖಾನೆಯ ಹಳೆಯ ಮೇಸ್ತ್ರಿಯ ಮನೆಗೆ ಹೋದರು. ಕುಲುಮೆಯ ಮುಂದೆ ಸವೆದ ಕಣ್ಣು. ಮುದುಕ ಫೋಟೋವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದ.

“ಬಾಲ ನೋಡಿ. ನಾವೆಲ್ಲ ಬಲಕ್ಕೆ ತಿರುಚ್ತಿದ್ವಿ. ಇದು ಎಡಕ್ಕೆ ತಿರುಗಿದೆ. ನಮ್ಮ ಎಡಚೀದೇ, ಬೇರೆ ಮಾತಿಲ್ಲ.”

“ಈಗೆಲ್ಲಿದಾರೆ?”

ಮೇಸ್ತ್ರಿ ಫೋಟೋ ಕೆಳಗಿಟ್ಟ. “ಹೋಗ್ಬಿಟ್ಲು, ಆರು ವರ್ಷ ಆಯ್ತು. ತಂಗಿ ಇದಾಳೆ. ಪೇಟೆ ಹಿಂದಿನ ಬೀದೀಲಿ ಬಟ್ಟೆ ಹೊಲೀತಾಳೆ.”

4.50. ಕಿರಿದಾದ ಹೊಲಿಗೆ ಅಂಗಡಿ. ಅರವತ್ತು ದಾಟಿದ ಹೆಂಗಸು, ಬೆರಳ ತುದಿಯಲ್ಲಿ ನೀಲಿ ಸೀಮೆಸುಣ್ಣ. ಇನ್‌ಸ್ಪೆಕ್ಟರ್ ಫೋಟೋ ಮುಂದಿಟ್ಟರು. ಮಿಷನ್ ನಿಂತಿತು.

“ಭಾನುವಾರ ಗ್ರಂಥಾಲಯಕ್ಕೆ ಹೋಗಿದ್ರಾ?”

“ಹೋಗಿದ್ದೆ.”

“ಇದನ್ನ ತಗೊಂಡ್ರಾ?”

“ತಗೊಂಡೆ.” ಗುಂಡಿಗಳ ಡಬ್ಬಿಯಿಂದ ಬಟ್ಟೆಯಲ್ಲಿ ಸುತ್ತಿದ್ದ ನೀರುನಾಯಿಯನ್ನು ತೆಗೆದು ಪೇದೆಯ ಅಂಗೈಯಲ್ಲಿಟ್ಟಳು. “ಜೋಪಾನ ಕಣಮ್ಮ. ಮೀಸೆ ಎಳೆ ತುಂಬ ತೆಳು.”

“ನಮ್ಮ ಜೊತೆ ಬರ್ಬೇಕಾಗತ್ತೆ.”

“ಇದೊಂದು ಗುಂಡಿ ಹಾಕ್ಬಿಡ್ಲಾ? ನಾಳೆ ಬೆಳಿಗ್ಗೆ ಕೊಡೋ ಅಂಗಿ.”

ಇನ್‌ಸ್ಪೆಕ್ಟರ್ ತಲೆಯಾಡಿಸಿ ಬೀದಿ ನೋಡುತ್ತ ನಿಂತರು. 5.20ಕ್ಕೆ ಬಂಧನವಾಯಿತು.

ಹೇಳಿಕೆಯಲ್ಲಿ ಅವಳು ಏನನ್ನೂ ಮುಚ್ಚಿಡಲಿಲ್ಲ. ಅಕ್ಕ ಊಟದ ಬಿಡುವಿನಲ್ಲಿ, ಉಳಿದ ಗಾಜಿನಿಂದ ಪ್ರಾಣಿಗಳನ್ನು ಮಾಡುತ್ತಿದ್ದಳು. ಚೆನ್ನಾಗಿ ಬಂದದ್ದನ್ನೆಲ್ಲ ಮಾಲೀಕ ಅಂಗಡಿಗೆ ಕಳಿಸಿಬಿಡುತ್ತಿದ್ದ. ಪ್ರತಿ ಸಲವೂ ಅಕ್ಕ ಬರಿಗೈಯಲ್ಲಿ ಮನೆಗೆ ಬಂದು, ಮಾಡಿದ್ದನ್ನು ಕಾಗದದ ಮೇಲೆ ಬಿಡಿಸಿ ತೋರಿಸಿ, “ಮುಂದಿನದು ನಿಂಗೇ ಕಣೇ,” ಎನ್ನುತ್ತಿದ್ದಳು. ಹೀಗೇ ಹತ್ತೊಂಬತ್ತು ವರ್ಷ.

“ಡಾಕ್ಟರನ್ನ ಕೇಳಿದ್ರೆ ಕೊಡ್ತಿದ್ರೇನೋ,” ಎಂದಳು ಪೇದೆ.

“ಕೊಡ್ತಿದ್ರೇನೋ. ನಮ್ಮಕ್ಕ ನಂಗೇಂತ ಮಾಡಿದ್ದನ್ನ ಇನ್ನೊಬ್ರ ಹತ್ರ ಯಾಕೆ ಬೇಡ್ಲಿ?”

ಪೇದೆ ಒಂದಕ್ಷರ ಬದಲಿಸದೆ ಬರೆದುಕೊಂಡಳು.

6.30ಕ್ಕೆ ವಸ್ತುವನ್ನು ಗುರುತಿಸಲು ಬಂದ ವೈದ್ಯರು ದೂರನ್ನು ಹಿಂತೆಗೆದುಕೊಳ್ಳುತ್ತೇನೆಂದರು. ಪ್ರಕರಣ ನ್ಯಾಯಾಲಯಕ್ಕೆ ಹೋಗಲೇಬೇಕು, ಅಲ್ಲೇ ಹೇಳಿ ಎಂದರು ಇನ್‌ಸ್ಪೆಕ್ಟರ್. ವೈದ್ಯರು ಮನೆಗೆ ಹೋಗಲಿಲ್ಲ. ಜಾಮೀನಿನ ಕಾಗದ ಸಿದ್ಧವಾಗುವವರೆಗೆ ಅವಳ ಪಕ್ಕದಲ್ಲೇ ಬೆಂಚಿನ ಮೇಲೆ ಕೂತು ತಮ್ಮ ಸಂಗ್ರಹದ ಆಲ್ಬಮ್ ಬಿಚ್ಚಿದರು.

“ಈ ಬಾತುಕೋಳಿ?”

“ನಮ್ಮಕ್ಕಂದು.”

“ಈ ಬೆಕ್ಕು?”

“ಅಯ್ಯೋ, ಇದಲ್ಲ. ಹಲ್ಲುನೋವು ಬಂದಹಾಗಿದೆ ಪಾಪ, ನೀವೇ ನೋಡ್ಬೇಕು.”

ವೈದ್ಯರು ಜೋರಾಗಿ ನಕ್ಕರು. ಮುಂದಿನ ಪುಟದಲ್ಲಿ ಪುಟ್ಟ ಮುಳ್ಳುಹಂದಿಯಿತ್ತು. ಅವಳು ಅದರ ಮೇಲೆ ಬೆರಳಿಟ್ಟಳು.

“ಇದನ್ನ ಮಾಡಿದ ದಿನ ಕೈ ಸುಟ್ಕೊಂಡು ಬಂದಿದ್ಲು. ನಾನೇ ತುತ್ತು ಮಾಡಿ ತಿನ್ನಿಸ್ದೆ. ನೋವಲ್ಲೂ ಇದರ ಸುದ್ದೀನೇ ಹೇಳ್ತಿದ್ಲು.”

ವೈದ್ಯರು ಪುಟ ತಿರುಗಿಸಲಿಲ್ಲ.