ವೈರು ಕಚ್ಚಿದ ಇಲಿ

"ಇಲಿ ಕಚ್ಚೈತೆ ಅಂತೀರಾ?" ತುಂಡಾದ ಕೇಬಲ್ ವೈರನ್ನು ಬೆಳಕಿಗೆ ಹಿಡಿದು ರಂಗಸ್ವಾಮಿ ಹುಬ್ಬು ಹಾರಿಸಿದ.

ನಿಸರ್ಗ ಮುಖ ಆಚೆ ತಿರುಗಿಸಿಕೊಂಡಳು. "ಹೂಂ... ಇ...ಲಿ."

"ಈ ವಾರ್ದಲ್ಲಿ ಇದೆಷ್ಟ್ನೇ ಸಲವೋ! ಆ ಇಲಿ ಮಲ್ಲಿಗೆ ಮುಡ್ಕಂಡು ಓಡಾಡ್ತದಾ ಮೇಡಮ್ಮೋರೇ? ವೈರೆಲ್ಲಾ ಅದೇ ವಾಸ್ನೆ."

ಅವಳ ಕಿವಿ ಕೆಂಪಾಯಿತು. ಹಾಳು ನಗು, ತಡೆದಷ್ಟೂ ಉಕ್ಕಿತು.

ಎಳವೆಯ ಮಿದುಳುಜ್ವರ ಅವಳ ಕಾಲನ್ನೂ ನಾಲಿಗೆಯನ್ನೂ ಕೆಡಿಸಿತ್ತೇ ಹೊರತು ಬುದ್ಧಿಯನ್ನಲ್ಲ. ಒಂದು ಮಾತು ಹೊರಬರಲು ಹೊತ್ತು ಹಿಡಿಯುತ್ತಿತ್ತು. ಅಷ್ಟು ಹೊತ್ತು ಕಾಯುವ ತಾಳ್ಮೆ ಚನ್ನರಾಯಪಟ್ಟಣದಲ್ಲಿ ಯಾರಿಗಿತ್ತು? ಈ ಕೇಬಲ್ಲಿನವನೊಬ್ಬನಿಗಿತ್ತು. ಸ್ಕ್ರೂಡ್ರೈವರ್ ಕೆಳಗಿಟ್ಟು, ಅವಳ ತುಟಿಯನ್ನೇ ನೋಡುತ್ತಾ, ಮಾತು ಮುಗಿಯುವವರೆಗೆ ಕೂರುತ್ತಿದ್ದ. ಅದಕ್ಕೇ ಅವಳು ಮನಸೋತದ್ದು.

ಅಪ್ಪ ಸತ್ತ ಮೇಲೆ ಅಣ್ಣ ಕುಮಾರ್, ತಂಗಿಗೆ ತಿಳಿವಳಿಕೆಯಿಲ್ಲವೆಂದು ಕೋರ್ಟಿನಲ್ಲಿ ಹೇಳಿ ಅವಳ ಗಾರ್ಡಿಯನ್ ಆಗಿದ್ದ. ಅವತ್ತಿನಿಂದ ಅವಳ ಪಾಲಿನ ತೆಂಗಿನ ತೋಟವೂ ಅವನದೇ, ಅವಳ ಹೂಂ, ಊಹೂಂಗಳೂ ಅವನವೇ. ಎದುರಾಡಿದರೆ ಬೆಲ್ಟಿನೇಟು. ಅಣ್ಣನಂತೆ ಅಣ್ಣ!

ಎರಡು ಸಾವಿರದ ನಾಲ್ಕನೇ ಇಸವಿ ಅದು. ಮಧ್ಯಾಹ್ನದ ಒಂದು ಧಾರಾವಾಹಿಗೆ ಊರೇ ಮರುಳಾಗಿತ್ತು. ಅದರಲ್ಲಿ ಗಾಲಿಕುರ್ಚಿಯ ಪ್ರಿಯಂವದಾ, ತನ್ನ ಗಾರ್ಡಿಯನ್ ಆಗಿದ್ದ ಚಿಕ್ಕಪ್ಪನ ಮೇಲೆ ಕೇಸು ಹಾಕಿದ್ದಳು. ಇವತ್ತು ಜಡ್ಜ್ ಅವಳನ್ನೇ ಕೇಳುವ ದಿನ.

"ಬಾಯ್ಬುಡ್ತಾಳೆ ಅಂತೀರಾ?" ವೈರು ಜೋಡಿಸಿ ಟಿ.ವಿ. ಹಾಕಿದ ರಂಗಸ್ವಾಮಿ ಕೇಳಿದ.

"ಬಿ...ಡ್ತಾಳೆ."

"ಬುಡ್ಲಿ. ಕೆಲವ್ರು ಎಲ್ಲಾನೂ ಇಲಿ ಮ್ಯಾಲಾಕಿ ಸುಮ್ಕಿದ್ಬುಡ್ತಾರೆ."

ಅವನ ಕಣ್ಣಂಚಿನ ತುಂಟನಗು ನೋಡಲಾರದೆ ಅವಳು ರಿಮೋಟ್ ಎಸೆದಳು. ಅವನು ಅದನ್ನು ಹಿಡಿದು, ಹತ್ತಿರ ಬಂದು, ಅವಳ ಬೆರಳುಗಳ ನಡುವೆ ಇಟ್ಟು, ಕೈ ಹಿಂದಕ್ಕೆ ತೆಗೆಯುವುದನ್ನೇ ಮರೆತ.

ಬಾಗಿಲಲ್ಲಿ ಕುಮಾರ್ ನಿಂತಿದ್ದ, ಕೈಯಲ್ಲಿ ತೋಟದ ಮಚ್ಚು.

ಮಚ್ಚಿನ ಹಿಂಬದಿ ರಂಗಸ್ವಾಮಿಯ ತಲೆಗೆ ಬಿತ್ತು, ಆಮೇಲೆ ಭುಜಕ್ಕೆ. ಮೂಳೆ ಮುರಿದ ಸದ್ದು ನಿಸರ್ಗಳಿಗೆ ಕೇಳಿಸಿತು. ಕುಮಾರ್ ಅವನನ್ನು ಅಂಗಳಕ್ಕೆ ಎಳೆದು ಹೊಟ್ಟೆಗೆ ಒದ್ದ. "ಕೇಬಲ್ ಆಕೋಕ್ ಬಂದು ಮನೆ ಹೆಣ್ಣಿನ್ ಕೈ ಇಡೀತೀಯೇನ್ಲಾ!" ಅಷ್ಟಕ್ಕೂ ಸಿಟ್ಟು ಇಳಿಯದೆ, ತೆಂಗಿನ ಮರದಿಂದ ಮರಕ್ಕೆ ಹಾದಿದ್ದ ವೈರುಗಳನ್ನೆಲ್ಲ ಕೊಚ್ಚಿಹಾಕಿದ. ಇಡೀ ಬೀದಿಗೆ ಕೇಬಲ್ ಹೋಗುತ್ತಿದ್ದುದೇ ಆ ತೋಟದ ಮೇಲಿಂದ. ಸಿಟ್ಟಿನ ಕೈಗೆ ಬುದ್ಧಿ ಎಲ್ಲಿ?

ಅರೆಗಳಿಗೆಯಲ್ಲಿ ಬೀದಿಯ ಹೆಂಗಸರೆಲ್ಲ ನುಗ್ಗಿಬಂದರು. ಎಲ್ಲರ ಮುಂದೆ ಪಕ್ಕದ ಮನೆಯ ಶಿವಗಂಗಮ್ಮ. "ಜಡ್ಜು ಪ್ರಿಯಂವದನ್ನ ಕೇಳೋ ಒತ್ಗೇ ಕೇಬಲ್ ಕಿತ್ತಾಕ್ದೋನು ಯಾವೋನ್ಲಾ?" ಎಂದು ಕೂಗುತ್ತಾ ಬಂದವಳು ರಕ್ತ ನೋಡಿ ನಿಂತಳು. "ಅಯ್ಯೋ ಶಿವ್ನೇ!"

"ನಮ್ ಹುಡ್ಗಿ ಮೈ ಮುಟ್ಟವ್ನೆ ಕಣಕ್ಕಾ. ಅವ್ಳಿಗೇನ್ ತಿಳೀತದೆ, ಪಾಪ," ಎಂದ ಕುಮಾರ್, ಏದುಸಿರು ಬಿಡುತ್ತಾ.

ನಿಸರ್ಗ ತೆವಳಿಕೊಂಡು ಹೊಸ್ತಿಲು ದಾಟಿದ್ದಳು. ಈಗ ತಾನು ಬಾಯಿ ಬಿಡದಿದ್ದರೆ ರಂಗಸ್ವಾಮಿಯನ್ನು ಮರಕ್ಕೆ ಕಟ್ಟಿ ಬಡಿಯುತ್ತಾರೆ. ತಾನು ಇದೇ ಮನೆಯಲ್ಲಿ ಮೂಕಿಯಾಗಿ ಸಾಯುತ್ತೇನೆ.

"ನಾ...ನು..."

ಕುಮಾರ್ ಓಡಿಬಂದು ಅವಳ ಬಾಯಿಗೆ ಅಂಗೈ ಒತ್ತಿದ. ಅವಳು ಕಚ್ಚಿದಳು. ವೈರು ಕಡಿದು ಪಳಗಿದ ಹಲ್ಲು ಅವು. ರಕ್ತ ಬರುವವರೆಗೂ ಬಿಡಲಿಲ್ಲ. ಅವನು ಕಿರುಚಿ ಮಚ್ಚೆತ್ತಿದಾಗ ಹೆಂಗಸರು ಮುಗಿಬಿದ್ದು ಕೈ ತಿರುಚಿ ಕೆಳಕ್ಕೆ ಕೆಡವಿದರು.

"ನಾನ್ ಗಾರ್ಡಿಯನ್ನು! ಕೇಳೋದಿದ್ರೆ ನನ್ನ ಕೇಳಿ!"

"ನಿನ್ನ ಯಾರ್ಲಾ ಕೇಳಿದ್ದು?" ಶಿವಗಂಗಮ್ಮ ನಿಸರ್ಗಳ ಎದುರು ಕುಕ್ಕರುಗಾಲಲ್ಲಿ ಕೂತಳು. "ಹೇಳವ್ವಾ, ನಿನ್ನಿಷ್ಟ ಏನು? ನಿಧಾನಕ್ಕೇ ಹೇಳು. ಇವತ್ತೆಂಗೂ ಟಿ.ವಿ. ಇಲ್ಲ."

ಎಲ್ಲರೂ ಕಾದರು. ಅಷ್ಟು ಜನ ಒಟ್ಟಿಗೆ ತನ್ನ ತುಟಿ ನೋಡುತ್ತಾ ಕಾದದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ವೈರು... ಕಚ್...ತಿದ್ದದ್ದು... ನಾನು. ಇವ್ನು... ಬರ್ಲಿ... ಅಂತ." ಉಸಿರೆಳೆದುಕೊಂಡಳು. "ನಂಗೆ... ಇವ್ನೇ... ಬೇಕು."

ಯಾರೋ ಆಟೋ ತರಲು ಓಡಿದರು. ನೆಲದ ಮೇಲೆ ಬಿದ್ದಿದ್ದ ರಂಗಸ್ವಾಮಿ, ರಕ್ತ ಮೆತ್ತಿದ ಒಂದು ಕಣ್ಣು ತೆರೆದ.

"ಗೊತ್ತಿತ್ತು ಕಣೇ," ಎಂದ. "ಅದ್ಕೇ ಪ್ರತಿ ಸಲಾನೂ ವೈರ್‌ನ ನಿನ್ ಬಾಯಿಗೆಟುಕೋ ಅಂಗೇ ಎಳೀತಿದ್ದೆ."