ಜೂನ್ ಒಂದನೇ ತಾರೀಖು

2009ರ ಫೆಬ್ರುವರಿ 17, ಮಂಗಳವಾರ. ಬೆಳಿಗ್ಗೆ 9.10ಕ್ಕೆ ಕೌಂಟಿಯ ಪೊಲೀಸು, ಜೈಲು ಎರಡನ್ನೂ ನೋಡಿಕೊಳ್ಳುವ ಶೆರಿಫ್ ಕಚೇರಿಗೆ ಗಂಡ ಹೆಂಡತಿ ಇಬ್ಬರು ದೂರು ಹಿಡಿದು ಬಂದರು. ಹೆಸರು ಓದಿದ ಸಾರ್ಜೆಂಟ್ ಕೊವಾಲ್ಸ್ಕಿ, "ನಿನ್ನ ಕಡೆಯವರ ಹಾಗಿದೆ" ಎಂದು ಅವರನ್ನು ಡಿಟೆಕ್ಟಿವ್ ತಿರುಮಲೇಶನ ಮೇಜಿಗೆ ಕಳಿಸಿದ.

ತಿರುಮಲೇಶ ಮೈಸೂರಿನವ. ಹಗಲು ಗೋದಾಮಿನಲ್ಲಿ ದುಡಿದು, ಸಂಜೆ ಕಾಲೇಜಿನಲ್ಲಿ ಓದಿ, ಇಪ್ಪತ್ತೇಳನೆಯ ವಯಸ್ಸಿಗೆ ಈ ಕೆಲಸ ಹಿಡಿದವ. ಹನ್ನೊಂದು ವರ್ಷವಾದರೂ ಯಾವ ವರದಿಯನ್ನೂ ಮೂರು ಸಲ ಓದದೆ ಸಹಿ ಹಾಕುತ್ತಿರಲಿಲ್ಲ. ಏನೋ ಬಿಟ್ಟುಹೋಗಿದೆ ಎಂಬ ಅಳುಕು ಅವನನ್ನು ಬಿಟ್ಟಿರಲಿಲ್ಲ.

"ಕನ್ನಡದಲ್ಲೇ ಹೇಳ್ಲಾ ಸರ್?" ಎಂದ ದಿನೇಶ್.

"ಹೇಳಿ. ಬರ್ಕೊಳೋದು ಇಂಗ್ಲಿಷಲ್ಲಿ ಬರ್ಕೊತೀನಿ."

ದಿನೇಶನ ಮನೆ ಹತ್ತಿರದ ಕ್ಯಾಂಟನ್ ಪಟ್ಟಣದಲ್ಲಿ, ಕಾರಿನ ಬಿಡಿಭಾಗಗಳ ಕಂಪನಿಯಲ್ಲಿ ಎಂಜಿನಿಯರ್. ಕಂಪನಿ ಜನರನ್ನು ಕಡಿಮೆ ಮಾಡುತ್ತಿತ್ತು. ಅವನ ಕೊನೆಯ ದಿನ ಫೆಬ್ರುವರಿ 27. ಶಿಕಾಗೋ ಬಳಿಯ ವುಡ್‌ರಿಡ್ಜ್‌ನಲ್ಲಿ ಬೇರೆ ಕೆಲಸ ಸಿಕ್ಕಿತ್ತು. 27ರೊಳಗೆ ಆ ಕಂಪನಿ ವೀಸಾ ಅರ್ಜಿ ಹಾಕದಿದ್ದರೆ ಗಂಡ ಹೆಂಡತಿ ದೇಶ ಬಿಡಬೇಕು.

"ಜನವರಿ ಹತ್ತಕ್ಕೆ ನನ್ನ ಕಾರ್ ನಿಲ್ಲಿಸಿದ್ರು. ಲೈಸೆನ್ಸ್ ಎಕ್ಸ್‌ಪೈರ್ ಆಗಿತ್ತು. ವೀಸಾ ಎಕ್ಸ್‌ಟೆನ್ಷನ್ ಬರೋವರೆಗೂ ರಿನ್ಯೂ ಮಾಡಲ್ಲ ಅಂದಿದ್ರು. ಒಂದು ರಾತ್ರಿ ನಿಮ್ಮ ಜೈಲಲ್ಲೇ ಇದ್ದೆ."

"ಹೊಸ ಕಂಪನಿಗೆ ಹೇಳಿದ್ರಾ?"

"ಹೇಳಿದ್ದೆ. ಪರವಾಗಿಲ್ಲ ಅಂದ್ರು. ಹೋದ ಗುರುವಾರ ಯಾರೋ ಅವರಿಗೆ ನನ್ನ ಜೈಲ್ ರೆಕಾರ್ಡ್ ಪೋಸ್ಟ್ ಮಾಡಿದಾರೆ. ಹೆಂಡತಿಗೆ ಹೊಡೆದು ಅರೆಸ್ಟ್ ಆದೆ ಅಂತಿದೆ ಅದರಲ್ಲಿ."

"ಇವರು ನನಗೆ ಹೊಡೆಯೋದಾ?" ಎಂದಳು ಲತಾಶ್ರೀ. "ಜಿರಳೆ ಹೊಡೆಯೋಕೂ ನನ್ನನ್ನೇ ಕರೀತಾರೆ ಸರ್."

ದಿನೇಶ್ ನಗಲಿಲ್ಲ. "ಶುಕ್ರವಾರ ಸಂಜೆ ಐದರ ತನಕ ಕಾಯ್ತಾರಂತೆ. ಆಮೇಲೆ ಲಿಸ್ಟಲ್ಲಿರೋ ಎರಡನೆಯವರನ್ನ ಕರೀತಾರೆ."

ಊರಿನಲ್ಲಿ ಎಫ್‌ಐಆರ್ ಎನ್ನುವುದಕ್ಕೆ ಇಲ್ಲಿ ಇನ್ಸಿಡೆಂಟ್ ರಿಪೋರ್ಟ್ ಎನ್ನುತ್ತಾರೆ. 9.50ಕ್ಕೆ ಅದಕ್ಕೆ ನಂಬರ್ ಬಿತ್ತು. ತಿರುಮಲೇಶ ದಿನೇಶನ ಅಸಲು ದಾಖಲೆ ತೆಗೆಸಿ ನೋಡಿದ. ಲೈಸೆನ್ಸಿನ ಆರೋಪ ಬಿಟ್ಟು ಬೇರೇನೂ ಇರಲಿಲ್ಲ. ವುಡ್‌ರಿಡ್ಜ್‌ಗೆ ಫೋನ್ ಮಾಡಿ, ಸರಿಯಾದ ಪ್ರತಿಯನ್ನು ಈಗಲೇ ಕಳಿಸುತ್ತೇನೆ ಎಂದ.

"ನಮ್ಮ ಹತ್ತಿರ ಇರುವುದರ ಮೇಲೂ ನಿಮ್ಮದೇ ಸೀಲಿದೆ" ಎಂದಳು ಆ ಕಂಪನಿಯ ಅಧಿಕಾರಿ. "ಇನ್ನೊಂದು ಬಂದರೆ ಯಾವುದನ್ನು ನಂಬಲಿ? ಇದು ಹೇಗಾಯಿತು ಅಂತ ನಿಮ್ಮ ಕಚೇರಿಯೇ ಬರೆದುಕೊಡಲಿ."

ತನಗೆ ಬಂದಿದ್ದ ದಾಖಲೆಯನ್ನೇ ಹಾಕಿ ಅವಳು ಕೊರಿಯರ್ ಮಾಡಿದ ಲಕೋಟೆ ಹಿಮದಲ್ಲಿ ತಡವಾಗಿ ಗುರುವಾರ ಮಧ್ಯಾಹ್ನ 2.20ಕ್ಕೆ ತಲುಪಿತು. ಜೈಲಿನ ದಾಖಲೆ ವಿಭಾಗದ ಗುಮಾಸ್ತೆ ಬ್ರೆಂಡಾಳನ್ನು ಸಾಕ್ಷಿಯಾಗಿ ಕೂರಿಸಿಕೊಂಡು ತಿರುಮಲೇಶ ಲಕೋಟೆ ತೆರೆದ, ಪಂಚನಾಮೆಯಂತೆ ಒಂದೊಂದನ್ನೂ ಬರೆಯಿಸಿದ. ಒಟ್ಟು ಎರಡು ಹಾಳೆ. ಫೋಟೊ, ಹೆಸರು, ಉಬ್ಬು ಸೀಲು ಇದ್ದ ಮೊದಲ ಹಾಳೆ ಅಸಲಿ. ಆರೋಪ ಬರೆದಿದ್ದ ಎರಡನೆಯದು ನಕಲಿ. ಮೊದಲ ಹಾಳೆಯ ಮೂಲೆಯಲ್ಲಿ ಪಿನ್ನು ಹೊಡೆದ ನಾಲ್ಕು ತೂತುಗಳಿದ್ದವು, ಎರಡನೆಯದರಲ್ಲಿ ಎರಡೇ.

"ಪಿನ್ನು ಕಿತ್ತು ಹಿಂದಿನ ಹಾಳೆ ಬದಲಾಯಿಸಿದ್ದಾರೆ. ಅಂದರೆ ಅಸಲಿ ಪ್ರತಿಯನ್ನು ಇಲ್ಲಿಂದಲೇ ತಗೊಂಡಿದ್ದಾರೆ. ಇಂಟರ್ನೆಟ್ಟಿನಲ್ಲಿ ಸಿಗುತ್ತಿರಲಿಲ್ಲವೆ?"

"ಇಲ್ಲ. ವೆಬ್‌ಸೈಟಿನಲ್ಲಿ ಈಗ ಒಳಗಿರುವವರು ಮಾತ್ರ" ಎಂದಳು ಬ್ರೆಂಡಾ. "ಬಿಡುಗಡೆ ಆದವರದು ಬೇಕಾದರೆ ಕಿಟಕಿಗೆ ಬಂದು ಫಾರಂ ತುಂಬಬೇಕು. ಹೆಸರು, ಜನ್ಮದಿನಾಂಕ ಎರಡೂ ಸರಿ ಇರಬೇಕು."

"ಗುರುತಿನ ಚೀಟಿ?"

"ಕೇಳಲ್ಲ. ಸಾರ್ವಜನಿಕ ದಾಖಲೆ. ಯಾಕೆ ಬೇಕು ಅಂತಲೂ ಕೇಳಲ್ಲ."

ಫಾರಂಗಳ ಪೆಟ್ಟಿಗೆ ತರಿಸಿದರು. ದಿನೇಶನ ಹೆಸರಿಗೆ ಎರಡು ಸಿಕ್ಕವು, ಎರಡೂ ಫೆಬ್ರುವರಿ 4ರವು, ಒಂದೇ ಕೈಬರಹ. ಕೇಳಿದವರು ಎಸ್. ರಾವ್, ವಿಳಾಸ ಕ್ಯಾಂಟನ್ನಿನ ಗ್ರಂಥಾಲಯದ್ದು. 10.40ರ ಫಾರಂನಲ್ಲಿ ಜನ್ಮದಿನಾಂಕ 1975ರ ನವೆಂಬರ್ 14. ಅದರ ಮೇಲೆ 'ದಾಖಲೆ ಇಲ್ಲ' ಎಂಬ ಮೊಹರು. 11.35ರದ್ದರಲ್ಲಿ 1975ರ ಜೂನ್ 1. ದಾಖಲೆ ಕೊಟ್ಟಿದ್ದರು.

"ತಪ್ಪು ಬರೆದರು, ಆಮೇಲೆ ಸರಿಮಾಡಿದರು" ಎಂದಳು ಬ್ರೆಂಡಾ. "ವಯಸ್ಸಾದವರು. ಊಟದ ಚೀಲ ಇತ್ತು ಕೈಯಲ್ಲಿ. ಮೂರು ಸಲ ಥ್ಯಾಂಕ್ಸ್ ಹೇಳಿದರು."

ತಿರುಮಲೇಶ ಎರಡು ಫಾರಂಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂತ. ಅವನಿಗೂ ಎರಡು ಜನ್ಮದಿನಗಳಿದ್ದವು. ಒಂದು ಅಮ್ಮ ಪಾಯಸ ಮಾಡುತ್ತಿದ್ದ ದಿನ. ಇನ್ನೊಂದು, ಒಂದನೇ ಕ್ಲಾಸಿಗೆ ವಯಸ್ಸು ಸಾಲದೆಂದು ಮೇಷ್ಟ್ರು ರಿಜಿಸ್ಟರಿನಲ್ಲಿ ಬರೆದುಕೊಂಡ ದಿನ, ಜೂನ್ ಒಂದು. ಅವನ ಪಾಸ್‌ಪೋರ್ಟಿನಲ್ಲಿದ್ದದ್ದೂ ಅದೇ. ಇದು ಅಪರಿಚಿತನ ಕೈತಪ್ಪಲ್ಲ. ದಿನೇಶನ ಹುಟ್ಟುಹಬ್ಬಕ್ಕೆ ಹೋಗಿ ಕೇಕ್ ತಿಂದವರು ಮಾಡುವ ತಪ್ಪು.

ಶುಕ್ರವಾರ 20, ಬೆಳಿಗ್ಗೆ 9ಕ್ಕೆ ದಿನೇಶನ ಮನೆ.

"ನವೆಂಬರ್ ಹದಿನಾಲ್ಕು ಯಾರ್ಯಾರಿಗೆ ಗೊತ್ತು?"

"ಪ್ರತಿ ವರ್ಷ ಪಾರ್ಟಿ ಮಾಡ್ತೀವಿ ಸರ್. ಇಪ್ಪತ್ತು ಫ್ಯಾಮಿಲಿಗೆ ಗೊತ್ತು."

"ಜೂನ್ ಒಂದು?"

"ನಮ್ಮಿಬ್ಬರಿಗೆ ಬಿಟ್ಟರೆ ಆಫೀಸಿನವರಿಗೆ."

"ಫೆಬ್ರುವರಿ ನಾಲ್ಕರ ಬೆಳಿಗ್ಗೆ ಯಾರಾದ್ರೂ ಕೇಳಿದ್ರಾ ಅಮ್ಮಾ?"

ಲತಾಶ್ರೀ ಮೊಬೈಲ್ ತೆಗೆದು ಹುಡುಕಿದಳು. ಬೆರಳು ಒಂದು ಕಡೆ ನಿಂತಿತು. "10.52ಕ್ಕೆ ವೆಂಕಟರಾಮು ಅಂಕಲ್ ಫೋನ್ ಮಾಡಿದ್ರು. ಯಾರೋ ಲಾಯರ್ ಗೊತ್ತು, ಕೇಸಿನ ವಿಷಯ ಮಾತಾಡ್ತೀನಿ, ಪಾಸ್‌ಪೋರ್ಟಲ್ಲಿರೋ ಡೇಟ್ ಕೊಡಮ್ಮ ಅಂದ್ರು."

"ಅಂಕಲ್ ಮಾಡಿರಲ್ಲ ಬಿಡಿ ಸರ್" ಎಂದ ದಿನೇಶ್. "ಜೈಲಿಂದ ನನ್ನ ಕರ್ಕೊಂಡು ಬಂದಿದ್ದೇ ಅವರು. ಮೈನಸ್ ಹನ್ನೊಂದು ಡಿಗ್ರಿ ಚಳಿ. ಫ್ಲಾಸ್ಕಲ್ಲಿ ಕಾಫಿ ತಂದಿದ್ರು."

ತಿರುಮಲೇಶನಿಗೂ ಆ ಮನೆಯ ಊಟದ ಋಣವಿತ್ತು. ಯುಗಾದಿಗೆ ವೆಂಕಟರಾಮು ಅವರ ಹೆಂಡತಿ ಸರೋಜ ಆಂಟಿಯ ಹೋಳಿಗೆ ಡಬ್ಬಿಯಲ್ಲಿ ಬರುತ್ತಿತ್ತು. 9.50ಕ್ಕೆ ಕಾರಿನಿಂದಲೇ ಸಾರ್ಜೆಂಟಿಗೆ ಅದನ್ನು ತಿಳಿಸಿದ.

"ಕೇಸ್ ಬೇರೆಯವರಿಗೆ ಕೊಡಲಾ?"

"ಕೊಡಿ ಅನ್ನಿಸುತ್ತೆ. ಆದರೆ ಹೊಸಬರು ಕಡತ ಓದುವಷ್ಟರಲ್ಲಿ ಐದು ಗಂಟೆ ಆಗುತ್ತೆ."

"ಪರಿಚಯ ಇದೆ ಅಂತ ವರದಿಯಲ್ಲಿ ಬರೆ. ನೀನೇ ಮುಗಿಸು."

10.40ಕ್ಕೆ ಬಾಗಿಲು ತೆರೆದ ಸರೋಜಮ್ಮನ ಕೈಯೆಲ್ಲ ಹಿಟ್ಟು. "ಆಫೀಸಿಗೆ ಹೋದ್ರಲ್ಲಪ್ಪ. ಎಂಟಕ್ಕೇ ಡಬ್ಬಿ ತಗೊಂಡು ಹೋದ್ರು. ಒಳಗೆ ಬಾ, ಕಾಫಿ ಕುಡಿ."

"ಇನ್ನೊಂದಿನ ಬರ್ತೀನಿ ಆಂಟಿ."

ವೆಂಕಟರಾಮು ಫಾರ್ಮಿಂಗ್ಟನ್ ಹಿಲ್ಸ್‌ನ ಕಂಪನಿಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸದಲ್ಲಿದ್ದವರು. ತಿರುಮಲೇಶ ಕಾರಿನಲ್ಲಿ ಕೂತು ಅಲ್ಲಿಗೆ ಫೋನ್ ಮಾಡಿದ. ಅವರು ಅಕ್ಟೋಬರಿನಿಂದ ಕೆಲಸದಲ್ಲಿಲ್ಲ ಎಂದು ಸ್ವಾಗತಕಾರಿಣಿ ಹೇಳಿದಳು. ಇನ್ನೊಮ್ಮೆ ನೋಡಿ ಎಂದ. ಅವಳು ಇನ್ನೊಮ್ಮೆ ನೋಡಿ ಅದನ್ನೇ ಹೇಳಿದಳು.

11.30. ಫಾರಂನಲ್ಲಿ ವಿಳಾಸ ಕೊಟ್ಟಿದ್ದ ಗ್ರಂಥಾಲಯದ ಕಂಪ್ಯೂಟರ್ ಸಾಲಿನಲ್ಲಿ ವೆಂಕಟರಾಮು ಟೈ ಕಟ್ಟಿಕೊಂಡು ಕೂತಿದ್ದರು. ಪಕ್ಕದಲ್ಲಿ ಊಟದ ಚೀಲ. ತಿರುಮಲೇಶ ಕುರ್ಚಿ ಎಳೆದುಕೊಂಡು ಕೂತು, ವಿಚಾರಣೆಗೆ ಮುನ್ನ ಆರೋಪಿಗೆ ತಿಳಿಸಬೇಕಾದ ಹಕ್ಕುಗಳ ಚೀಟಿಯನ್ನು ಇಂಗ್ಲಿಷಿನಲ್ಲಿ ಓದಿ, ಆಮೇಲೆ ಕನ್ನಡದಲ್ಲೂ ಹೇಳಿದ. ವೆಂಕಟರಾಮು ಸಹಿ ಮಾಡಿದರು. ಫಾರಂನಲ್ಲಿದ್ದದ್ದೇ ಅಕ್ಷರ.

"ಫಾರಂ ತುಂಬಿದ್ದು ನೀವಾ ಅಂಕಲ್?"

"ಹೂಂ."

"ಹಾಳೆ ಬದಲಾಯಿಸಿದ್ದು?"

"ಈ ಪ್ರಿಂಟರಲ್ಲೇ." ಅವರ ದನಿಯಲ್ಲಿ ಏರಿಳಿತವಿರಲಿಲ್ಲ. "ಆ ಕೆಲಸಕ್ಕೆ ನಾನೂ ಹೋಗಿದ್ದೆ ಕಣಪ್ಪ. ಲಿಸ್ಟಲ್ಲಿ ಎರಡನೆಯವನು ನಾನೇ. ಮೊದಲನೆಯವನು ಯಾರು ಅಂತ ಅವನೇ ಸ್ವೀಟ್ ತಂದು ಹೇಳೋವರೆಗೂ ಗೊತ್ತಿರಲಿಲ್ಲ."

"ಅವರು ದೇಶ ಬಿಡಬೇಕಾಗ್ತಿತ್ತು."

"ಅವನಿಗೆ ಮೂವತ್ಮೂರು. ಎಲ್ಲಿ ಹೋದರೂ ಕೆಲಸ ಸಿಗತ್ತೆ ಅಂದ್ಕೊಂಡೆ. ನನಗೆ ಐವತ್ತೇಳು." ಊಟದ ಚೀಲವನ್ನು ಹತ್ತಿರ ಎಳೆದುಕೊಂಡರು. "ಕೆಲಸ ಹೋದ ದಿನವೇ ಸರೋಜಂಗೆ ಹೇಳಿದ್ದರೆ ಆಗಿಹೋಗ್ತಿತ್ತು. ಅವತ್ತು ಅವಳ ತಮ್ಮ ಬಂದಿದ್ದ. ನಾಳೆ ಹೇಳೋಣ ಅಂತ ಬಿಟ್ಟೆ. ಮಾರನೇ ದಿನ ಡಬ್ಬಿ ಕಟ್ಟಿ ಕೈಗೆ ಕೊಟ್ಟಳು."

ಬೇಡಿಯನ್ನು ತಿರುಮಲೇಶ ಹೊರಗೆ ಕಾರಿನ ಬಳಿ ಹಾಕಿದ. ಸಾರ್ವಜನಿಕ ದಾಖಲೆ ತಿದ್ದಿದ ಆರೋಪ. 12.50ಕ್ಕೆ ಜೈಲಿನ ದಾಖಲಾತಿ ಮೇಜಿನಲ್ಲಿ ಅಧಿಕಾರಿ ಜನ್ಮದಿನಾಂಕ ಕೇಳಿದ. ವೆಂಕಟರಾಮು ಹಿಂತಿರುಗಿ ನೋಡಿದರು.

"ಯಾವುದು ಹೇಳಲಿ?"

"ಪಾಸ್‌ಪೋರ್ಟಲ್ಲಿರೋದು ಅಂಕಲ್."

"ಜೂನ್ ಒಂದು, 1951."

ವಶಪಡಿಸಿಕೊಂಡ ವಸ್ತುಗಳ ಪಟ್ಟಿಯಲ್ಲಿ ಟೈ, ಕನ್ನಡಕ, ಊಟದ ಡಬ್ಬಿ ಒಂದು, ತೆರೆಯದ್ದು ಎಂದು ಬರೆದರು.

ಶೆರಿಫ್ ಕಚೇರಿಯ ಪತ್ರವನ್ನು ತಿರುಮಲೇಶ ಮೂರು ಸಲ ಓದಿ 3.40ಕ್ಕೆ ವುಡ್‌ರಿಡ್ಜ್‌ಗೆ ಫ್ಯಾಕ್ಸ್ ಮಾಡಿದ. ದಿನೇಶನ ಕೆಲಸದಲ್ಲಿ ಬದಲಾವಣೆಯಿಲ್ಲ, ವೀಸಾ ಅರ್ಜಿ ಸೋಮವಾರ ಹೋಗುತ್ತದೆ ಎಂದು 4.35ಕ್ಕೆ ಉತ್ತರ ಬಂತು. ದಿನೇಶನಿಗೆ ಫೋನ್ ಮಾಡಿದರೆ ಅವನು ಥ್ಯಾಂಕ್ಸ್ ಹೇಳಿ, "ಅಂಕಲ್‌ಗೆ ಚಳಿಗೆ ಏನಾದ್ರೂ ಕೊಟ್ಟಿದೀರಾ?" ಎಂದು ಕೇಳಿದ.

ಬಂದಿಗೆ ಒಂದು ಫೋನಿನ ಅವಕಾಶವಿತ್ತು. ವೆಂಕಟರಾಮು ಬೇಡವೆಂದಿದ್ದರು. ಮನೆಗೆ ತಾನೇ ಹೋಗಿ ಹೇಳಬೇಕು ಎಂದುಕೊಂಡ ತಿರುಮಲೇಶ ವರದಿಯನ್ನು ಇನ್ನೊಮ್ಮೆ ಓದುತ್ತ ಕೂತಿದ್ದ. 6.25ಕ್ಕೆ ದಾಖಲೆ ವಿಭಾಗದಿಂದ ಬ್ರೆಂಡಾ ಕರೆದಳು.

"ಒಬ್ಬ ಹೆಂಗಸು ಫೋನಿನಲ್ಲಿದ್ದಾಳೆ, ನಿಮ್ಮ ಭಾಷೆಯವಳ ಹಾಗಿದೆ. ಗಂಡನನ್ನು ಪೊಲೀಸರು ಕರೆದೊಯ್ಯುವುದನ್ನು ಯಾರೋ ಗ್ರಂಥಾಲಯದಲ್ಲಿ ನೋಡಿದರಂತೆ, ಅವರು ಇಲ್ಲಿದ್ದಾರಾ ಅಂತ ಕೇಳುತ್ತಿದ್ದಾಳೆ. ಜನ್ಮದಿನಾಂಕ ಜನವರಿ 22 ಅನ್ನುತ್ತಾಳೆ. ಆ ತಾರೀಖಿಗೆ ಯಾರೂ ಇಲ್ಲ ಅಂತ ಎರಡು ಸಲ ಹೇಳಿದೆ."

ತಿರುಮಲೇಶ ಫೋನ್ ತಗೊಂಡ.

"ಯಾರೂ ಇಲ್ವಂತೆ, ಸದ್ಯ" ಎನ್ನುತ್ತಿದ್ದರು ಸರೋಜಮ್ಮ ಆ ಕಡೆಯಿಂದ, ಯಾರಿಗೋ. "ಇವರು ಆಫೀಸಲ್ಲೇ ಇರಬೇಕು."

"ಆಂಟಿ," ಎಂದ ಅವನು. "ನಾನು ತಿರುಮಲೇಶ. ಅಲ್ಲೇ ಕೂತ್ಕೊಳ್ಳಿ. ನಾನು ಮನೆಗೆ ಬರ್ತಿದೀನಿ."