ಯಾಕ ಹಂಗ ಅನಸ್ತು?

“ನೀವು ನಮ್ಮ ಹುಡುಗ್ರನ್ನ ಪರೀಕ್ಷಾ ಮಾಡಾಕ ಬಂದೀರೋ, ನನ್ನ ಮರ್ಯಾದಿ ಕಳ್ಯಾಕ ಬಂದೀರೋ?”

ವಿದ್ಯಾನಗರದ ಕಾಲೇಜೊಂದರ ಲ್ಯಾಬಿನ ಬಾಗಿಲಿಗೆ ಕೆಮಿಸ್ಟ್ರಿ ಲೆಕ್ಚರರ್ ಮಾಲತೇಶ ಅಡ್ಡ ನಿಂತಿದ್ದ. ಒಳಗಿದ್ದ ಹುಡುಗರ ಕಣ್ಣು ಬ್ಯೂರೆಟ್ ಮೇಲೆ, ಕಿವಿಯೆಲ್ಲ ಇತ್ತ ಕಡೆ!

ಟೇಪ್ ರೆಕಾರ್ಡರ್ ಹಿಡಿದು ಬಂದಿದ್ದ ದ್ರಾಕ್ಷಾಯಿಣಿ ಬಾಗಿಲಲ್ಲೇ ನಿಂತಳು. ಆದರೆ ಗರಗದ ನೇಕಾರರ ಮನೆಯ ಹುಡುಗಿ, ಅಷ್ಟಕ್ಕೆಲ್ಲ ಹಿಂದೆ ಸರಿಯುವವಳಲ್ಲ.

“ಎರಡೂ ಅಲ್ರಿ ಸರ. ಬಿ.ಎಸ್ಸಿ. ಹುಡುಗ್ರು ಕೆಮಿಸ್ಟ್ರಿ ಹೆಂಗ ತಿಳ್ಕೋತಾರ ಅಂತ ಪಿಎಚ್.ಡಿ. ಮಾಡಾಕತ್ತೇನಿ. ಅವರು ಹೇಳಿದ್ದನ್ನ ಟೇಪ್ ಮಾಡ್ಕೋತೇನಿ, ಅಷ್ಟ.”

“ಹಂಗಾರ ನನ್ನ ಮುಂದನ ಕೇಳ್ರಿ, ನೋಡೋಣು!”

ಮಾಲತೇಶ ಕರೆದದ್ದು ಕ್ಲಾಸಿಗೇ ಜಾಣನಾದ ಆಫ್ತಾಬನನ್ನು.

“ಕುದಿಯೋ ನೀರಾಗ ಗುಳ್ಳಿ ಬರತಾವಲ್ಲ, ಅದರೊಳಗ ಏನಿರತೈತಿ?” ದ್ರಾಕ್ಷಾಯಿಣಿ ಕೇಳಿದಳು.

“ಹೈಡ್ರೋಜನ್, ಆಕ್ಸಿಜನ್ ರೀ ಮೇಡಂ!”

ಮಾಲತೇಶನ ಮುಖ ಕಪ್ಪಿಟ್ಟಿತು. ಗುಳ್ಳೆಯೊಳಗೆ ಇರುವುದು ನೀರಿನ ಆವಿ. ಕ್ಲಾಸಿನ ಜಾಣನೇ ಹೀಗಂದನಲ್ಲ!

ದ್ರಾಕ್ಷಾಯಿಣಿ ನಗಲಿಲ್ಲ, ತಪ್ಪು ಅನ್ನಲೂ ಇಲ್ಲ. ಉತ್ತರ ಸರಿಯೋ ತಪ್ಪೋ ಹೇಳಕೂಡದು, ಕಾರಣ ಕೇಳಬೇಕು... ಅದು ಅವಳ ಸಂಶೋಧನೆಯ ಕಟ್ಟುನಿಟ್ಟಿನ ನಿಯಮ.

“ಹೂಂ... ಯಾಕ ಹಂಗ ಅನಸ್ತು ನಿಮಗ?” ಅಂತ ಮೆಲ್ಲಗೆ ಕೇಳಿದಳು.

ಆ ಸಂಜೆ ಮಾಲತೇಶನೇ ಬಂದು ಚಹಾಕ್ಕೆ ಕರೆದ. ಸಿಟ್ಟು ಇಳಿದು ಕುತೂಹಲ ಹತ್ತಿತ್ತು. ಆಮೇಲೆ ದಿನಾಲೂ ಟೇಪು, ಚಹಾ, ಮಾತು... ಇಬ್ಬರು ಹತ್ತಿರವಾಗಲು ಇನ್ನೇನು ಬೇಕು ಹೇಳಿ!

ತೊಂಬತ್ತೆಂಟರ ದಸರೆ ಮುಂದೆ ಒಂದು ದಿನ ಅವನು ಚಹಾದ ಗ್ಲಾಸು ಹಿಡಿದುಕೊಂಡೇ ತಡವರಿಸಿದ.

“ದ್ರಾಕ್ಷಾಯಿಣಿಯವರ... ನಮ್ಮವ್ವನ್ನ ನಿಮ್ಮ ಮನಿಗೆ ಕಳಸ್ಲೇನ್ರಿ? ಲಗ್ನದ ಮಾತಿಗೆ...”

‘ಕಳಸ್ರಿ, ನಾಳೆನ ಕಳಸ್ರಿ!’ ಅವಳ ಮನಸ್ಸು ಕುಣಿಯಿತು. ಆದರೆ ತಿಂಗಳುಗಟ್ಟಲೆ ಹುಡುಗರಿಗೆ ಒಂದೇ ಪ್ರಶ್ನೆ ಕೇಳಿ ಕೇಳಿ ರೂಢಿಯಾದ ಹಾಳು ಬಾಯಿ!

“ಹೂಂ... ಯಾಕ ಹಂಗ ಅನಸ್ತು ನಿಮಗ?”

ಅವನ ಮುಖ ಇಳಿದುಹೋಯಿತು.

“ಏನಿಲ್ರಿ... ಬಿಡ್ರಿ.”

ಅರ್ಧ ಚಹಾ ಬಿಟ್ಟು ಎದ್ದು ಹೋದವನು ಮತ್ತೆ ಅವಳ ಎದುರಿಗೆ ಬರಲಿಲ್ಲ. ಲಗ್ನದ ಮಾತು ಎತ್ತಿದ್ದಕ್ಕೆ ಅವನಿಗೇ ಪಶ್ಚಾತ್ತಾಪ ಆಗಿರಬೇಕು ಅಂತ ಅವಳು ಒಳಗೊಳಗೇ ಕೊರಗಿದಳು. ಅದರ ಮೇಲೆ ಆಫ್ತಾಬ ಸುದ್ದಿ ತಂದ.

“ಸರ್ ಈ ರವಿವಾರ ಗಬ್ಬೂರಿಗೆ ಕನ್ಯಾ ನೋಡಾಕ ಹೊಂಟಾರಂತ್ರಿ ಮೇಡಂ!”

ಅವಳಿಗೆ ಊಟ ಸೇರಲಿಲ್ಲ. ಆದರೂ ಕೆಲಸ ಬಿಡುವಂತಿಲ್ಲ. ಶನಿವಾರ ಕಾಲೇಜಿನಲ್ಲೇ ಕೂತು ಟೇಪಿನ ಮಾತು ಬರೆದುಕೊಳ್ಳುತ್ತಿದ್ದಳು. ಗೀತಾಂಜಲಿ ಅನ್ನುವ ಹುಡುಗಿಯ ದನಿ ಬಂತು.

“ಗುಳ್ಳ್ಯಾಗ ನೀರಿನ ಆವಿ ಇರತೈತ್ರಿ.”

“ಹೂಂ... ಯಾಕ ಹಂಗ ಅನಸ್ತು?”

“ಅಯ್ಯ, ತಪ್ಪಾತೇನ್ರಿ? ಹಂಗಾರ ಗಾಳಿ ಇರಬೇಕು ಬಿಡ್ರಿ...”

ದ್ರಾಕ್ಷಾಯಿಣಿ ಟೇಪು ನಿಲ್ಲಿಸಿದಳು. ಸರಿಯಾದ ಉತ್ತರ ಹೇಳಿದವಳು, ಯಾಕೆ ಅಂದ ಕೂಡಲೇ ಬಿಟ್ಟುಕೊಟ್ಟಿದ್ದಳು! ಕ್ಲಾಸಿನಲ್ಲಿ ತಪ್ಪು ಹೇಳಿದವರನ್ನಷ್ಟೇ ‘ಯಾಕೆ’ ಅಂತ ಕೇಳುವುದು. ಸರಿ ಹೇಳಿದವರನ್ನು ಯಾರು ಕೇಳುತ್ತಾರೆ?

‘ಅಯ್ಯೋ... ಮಾಲತೇಶ ಸರೂ ಹಂಗ ತಿಳ್ಕೊಂಡ್ರು!’

ಅವಳು ಲ್ಯಾಬಿಗೆ ಓಡಿದಳು. ಮಾಲತೇಶ ಒಬ್ಬನೇ ಕಪಾಟಿಗೆ ಕೀಲಿ ಹಾಕುತ್ತಿದ್ದ.

“ಸರ, ನಾಳೆ ಗಬ್ಬೂರಿಗೆ ಹೋಗಬ್ಯಾಡ್ರಿ!”

“ನೀವ ಒಲ್ಲೆ ಅಂದ್ರಲ್ರಿ...”

“ನಾ ಯಾವಾಗ ಅಂದ್ನಿರಿ? ಯಾಕ ಅಂತ ಕೇಳಿದೆ, ಅದೂ ರೂಢಿ ಮ್ಯಾಲ ಬಾಯಾಗ ಬಂದುಬಿಡ್ತು. ನನಗ ನೀವು ಬೇಕ್ರಿ!”

ಹೇಳಿಬಿಟ್ಟು ತಲೆ ತಗ್ಗಿಸಿದಳು. ಅವನು ಕೀಲಿ ಕಪಾಟಿನಲ್ಲೇ ಬಿಟ್ಟು ಅವಳ ಕಡೆ ತಿರುಗಿದ.

“ಯಾಕ ಅಂದ್ರಲ್ಲ, ಹೇಳ್ತೇನಿ ಕೇಳ್ರಿ. ಹುಡುಗ್ರು ತಪ್ಪು ಹೇಳಿದ್ರ ನಾ ಬೈತೇನಿ. ನೀವು ಪೂರ್ತಿ ಕೇಳ್ಕೋತೀರಿ. ನನ್ನ ಮಾತೂ ಯಾರರ ಹಂಗ ಕೇಳಲಿ ಅನಸ್ತು.”

ಅವಳ ಕಣ್ಣು ತುಂಬಿ ಬಂದವು.

“ಮತ್ತ ಗಬ್ಬೂರಿನವರಿಗೆ?”

“ಇವತ್ತ ಹೋಗಿ ಕೈ ಮುಗದು ಹೇಳಿ ಬರ್ತೇನಿ. ನಾಳೆ ಗರಗಕ್ಕ ಬಸ್ ಎಷ್ಟೊತ್ತಿಗೆ ಐತ್ರಿ?”

“ಧಾರವಾಡದಿಂದ ಮುಂಜಾನಿ ಎಂಟಕ್ಕ ಐತ್ರಿ. ಅದಕ್ಕ ಬರ್ರಿ. ನಮ್ಮಪ್ಪ ಮಗ್ಗಕ್ಕ ಕೂತ ಮ್ಯಾಲ ಯಾರ ಮಾತೂ ಕಿವಿಗೆ ಹಾಕ್ಕೊಳ್ಳಂಗಿಲ್ಲ.”

“ನಮ್ಮವ್ವನ್ನ ಕರ್ಕೊಂಡು ಅದಕ್ಕ ಬರ್ತೇನಿ. ನೀವು ಮನ್ಯಾಗ ಇರ್ರಿ ಮತ್ತ.”

“ಇರ್ತೇನ್ರಿ,” ಅಂದಳು ದ್ರಾಕ್ಷಾಯಿಣಿ, ಕಣ್ಣೊರೆಸಿಕೊಳ್ಳುತ್ತ. “ಎಲ್ಲಿ ಹೋಗಲಿ ನಾ!”